ಪಕ್ಕವಾದ್ಯದ ಜಯತೀರ್ಥರು

ಮೆಟುಚೆನ್‌ನ ಜಯತೀರ್ಥರು ಪಕ್ಕವಾದ್ಯದವರು. ಔಷಧ ಕಂಪನಿಯ ಲ್ಯಾಬ್ ಕೆಲಸ ಹೊಟ್ಟೆಪಾಡಿಗೆ, ಪಿಟೀಲು ಜೀವಕ್ಕೆ. ನ್ಯೂಜೆರ್ಸಿಗೆ ಯಾವ ಗಾಯಕರು ಬಂದರೂ ಇವರಿಗೆ ಫೋನ್ ಬರುತ್ತದೆ. ಗಾಯಕರು ಹಾಡಿದ್ದನ್ನು ಒಂದುಸಿರು ತಡವಾಗಿ ತಂತಿಯ ಮೇಲೆ ತರುವುದು, ಅವರು ನಿಲ್ಲಿಸಿದ ಮೇಲೆ ಇವರದೊಂದು ಚಿಕ್ಕ ಸುತ್ತು, ಅಷ್ಟೇ. ಊಟದ ಸಾಲಿನಲ್ಲೂ ಮೊದಲು ತಟ್ಟೆ ಹಿಡಿಯುವ ಜಾಯಮಾನ ಅವರದಲ್ಲ.

ಇಂಥವರನ್ನು ಹುಡುಕಿಕೊಂಡು ಬಂದವಳು ನವ್ಯಾ. ವೆಸ್ಟ್ ವಿಂಡ್ಸರ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚಿಸುತ್ತಾಳೆ. ನಾಲ್ಕು ತಂತಿವಾದ್ಯಗಳಿಗೆ, ಜೊತೆಗೊಂದು ಕರ್ನಾಟಕಿ ಪಿಟೀಲಿಗೆ ಹೊಸ ಕೃತಿ ಬರೆದಿದ್ದಳು. ಎಲ್ಲರ ಪ್ರತಿ ಸ್ವರವನ್ನೂ ಬರೆದಾಗಿತ್ತು, ನಡುವೆ ಒಂದು ಪುಟ ಮಾತ್ರ ಖಾಲಿ. ಅಲ್ಲಿ ಜಯತೀರ್ಥರು ಮೋಹನ ರಾಗವನ್ನು ಮನಸ್ಸಿಗೆ ಬಂದಂತೆ ಬೆಳೆಸಬೇಕು, ಆ ನಾಲ್ವರಲ್ಲಿ ವಯೋಲಾ ಎಂಬ ದೊಡ್ಡ ಪಿಟೀಲು ನುಡಿಸುವ ಆನ್ಯಾ ಅವರ ಬೆನ್ನು ಹಿಡಿದು ಬರಬೇಕು.

ರಿಹರ್ಸಲ್‌ನಲ್ಲಿ ಆದದ್ದು ನಗೆಪಾಟಲು. ಜಯತೀರ್ಥರು ನುಡಿಸಿದ್ದನ್ನು ಆನ್ಯಾ ತಿರುಗಿ ನುಡಿಸಿದಳು. ಅಭ್ಯಾಸಬಲ ನೋಡಿ, ಅವಳು ನುಡಿಸಿದ್ದನ್ನು ಇವರು ಮತ್ತೆ ನುಡಿಸಿದರು! ಇಬ್ಬರೂ ಗಾಣದೆತ್ತಿನ ಹಾಗೆ ಅಲ್ಲೇ ಸುತ್ತಿದರು.

"ಅಂಕಲ್, ಯು ಹ್ಯಾವ್ ಟು ಲೀಡ್," ಅಂದಳು ನವ್ಯಾ.

"ಗೊತ್ತಾಯ್ತಮ್ಮ, ನಾಳೆ ಸರಿಹೋಗತ್ತೆ."

ಸರಿಹೋಗಲಿಲ್ಲ. ಕೊನೆಯ ರಿಹರ್ಸಲ್‌ನಲ್ಲೂ ಅದೇ ಕತೆಯಾದಾಗ ನವ್ಯಾ ಖಾಲಿ ಪುಟಕ್ಕೂ ಸ್ವರ ಬರೆದು ತಂದಳು.

"ಸ್ಟೇಜ್ ಮೇಲೆ ಸ್ಟಕ್ ಆದ್ರೆ ಇದನ್ನ ನೋಡ್ಕೊಂಡು ನುಡಿಸಿಬಿಡಿ ಅಂಕಲ್. ಇಟ್ಸ್ ಓಕೆ."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಳು. ಜಯತೀರ್ಥರಿಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅದನ್ನು ನುಡಿಸಿದರೆ ಮತ್ತೆ ಇನ್ನೊಬ್ಬರ ಹಿಂದೆಯೇ ಹೋದಂತೆ. ತನ್ನದು ಅನ್ನುವ ಸಂಗೀತ ಒಂದಿದೆಯೋ ಇಲ್ಲವೋ ಎಂಬುದು ಅಲ್ಲಿಗೆ ತೀರ್ಮಾನವಾಗಿಬಿಡುತ್ತದೆ.

ಕಛೇರಿ ಮ್ಯಾನ್‌ಹಟನ್‌ನ ಒಂದು ಸಣ್ಣ ಸಭಾಂಗಣದಲ್ಲಿ. ಖಾಲಿ ಪುಟದ ಜಾಗ ಬಂದಾಗ ನಾಲ್ವರ ಕಮಾನುಗಳೂ ಒಟ್ಟಿಗೆ ನಿಂತವು. ನವ್ಯಾ ಬರೆದ ಪುಟ ಎದುರಿಗೇ ಇತ್ತು. ಜಯತೀರ್ಥರು ಕಣ್ಣು ಮುಚ್ಚಿ ಶುರುಮಾಡಿದರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆರಳು ಜಾರಿ ಮಧ್ಯಮ ಸ್ವರ ತಾಗಿತು. ಮೋಹನದಲ್ಲಿ ಮಧ್ಯಮಕ್ಕೆ ಜಾಗವೇ ಇಲ್ಲ.

ಗಾಯಕರು ಹೀಗೆ ಎಡವಿದಾಗ ತಾವೂ ಅದನ್ನೇ ನುಡಿಸಿ, ಬೇಕೆಂದೇ ಹಾಡಿದ್ದು ಅನ್ನಿಸುವಂತೆ ಮುಚ್ಚಿಹಾಕುತ್ತಿದ್ದವರು ಇವರು. ಎಷ್ಟು ದೊಡ್ಡವರ ಮಾನ ಉಳಿಸಿದ್ದರೋ! ಇವರ ಮಾನ ಉಳಿಸಲು ಯಾರಿದ್ದಾರೆ? ಕಣ್ಣು ತಾನಾಗಿ ತೆರೆದು ಪುಟದ ಕಡೆ ಹೊರಳಿತು.

ಅಷ್ಟರಲ್ಲಿ ಪಕ್ಕದಿಂದ ಅದೇ ಮಧ್ಯಮ ಕೇಳಿಸಿತು. ಆನ್ಯಾಗೆ ಮೋಹನದ ಗಂಧಗಾಳಿ ಇಲ್ಲ, ಅದು ತಪ್ಪೆಂದೂ ಗೊತ್ತಿಲ್ಲ. ಇವರು ಹೋದಲ್ಲಿಗೆ ಬಂದಿದ್ದಳು, ಅಷ್ಟೇ. ಕಮಾನು ಹಿಡಿದು, ಮುಂದೆ ಎಲ್ಲಿಗೆ ಎಂದು ಇವರ ಮುಖ ನೋಡುತ್ತಿದ್ದಳು. ಜಯತೀರ್ಥರ ಎದೆ ತುಂಬಿಬಂತು. ಪುಟದಿಂದ ಕಣ್ಣು ಕಿತ್ತು ಅದೇ ಮಧ್ಯಮವನ್ನು ಮತ್ತೆ ಮುಟ್ಟಿದರು, ಈ ಸಲ ಬೇಕೆಂದೇ, ಉಸಿರಿರುವಷ್ಟು ಉದ್ದಕ್ಕೆ.