ಕಾರ್ ನಂಬರ್ ಇತ್ತು, ಅಡ್ರೆಸ್ ಸಿಗಲಿಲ್ಲ

ಕಳೆದ ತಿಂಗಳು ಸವಳಂಗ ರಸ್ತೆಯಲ್ಲಿ ನಮ್ಮ ಯಜಮಾನರು ಸ್ಕೂಟರಿನಿಂದ ಬಿದ್ದು ಎಚ್ಚರ ತಪ್ಪಿದರು. ಜನ ಸೇರಿದರು, ಸಲಹೆ ಕೊಟ್ಟರು (ಅದಕ್ಕೇನು ಬರ?). ಒಬ್ಬ ಹೆಣ್ಣುಮಗಳು ಮಾತ್ರ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿ, ನಾನು ತಲುಪುವಷ್ಟರಲ್ಲಿ ಹೆಸರೂ ಹೇಳದೆ ಹೊರಟುಹೋಗಿದ್ದಳು. "ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟ ಇತ್ತು" ಅಂದರು ಡಾಕ್ಟರು.

ಇಂಥವಳಿಗೆ ಕೈಮುಗಿಯದೆ ಇರುವುದು ಹೇಗೆ?

ಆಸ್ಪತ್ರೆ ಗೇಟಿನ ಕ್ಯಾಮೆರಾದಲ್ಲಿ ಕಾರಿನ ನಂಬರ್ ಸಿಕ್ಕಿತು. ಮೊಬೈಲ್ ಆ್ಯಪ್‌ಗೆ ಹಾಕಿದೆ. ಮಾಡೆಲ್ ಬಂತು, ಇನ್ಶೂರೆನ್ಸ್ ಮುಗಿಯುವ ದಿನವೂ ಬಂತು. ಓನರ್ ಹೆಸರಿನ ಜಾಗದಲ್ಲಿ ಎರಡು ಅಕ್ಷರ, ಉಳಿದದ್ದೆಲ್ಲ ನಕ್ಷತ್ರ! (ನಾನೇನು ಜಾತಕ ನೋಡಲು ಕೂತಿದ್ದೆನೇ?)

ಆರ್‌ಟಿಒ ಆಫೀಸಿನಲ್ಲಿ ನನ್ನ ಕಾಲೇಜು ಗೆಳತಿ ಶೋಭಾ ಇದ್ದಾಳಲ್ಲ, ಹೋಳಿಗೆ ಡಬ್ಬಿ ಹಿಡಿದು ಅಲ್ಲಿಗೇ ಹೋದೆ.

"ಕಂಪ್ಯೂಟರ್ ಸ್ವಲ್ಪ ಈ ಕಡೆ ತಿರುಗ್ಸು, ನಾನೇ ಓದ್ಕೊಳ್ತೀನಿ."

"ಆಗಲ್ಲ ಕಣೇ."

"ಥ್ಯಾಂಕ್ಸ್ ಹೇಳೋಕೆ ಮಾರಾಯ್ತಿ, ಜಗಳಕ್ಕಲ್ಲ!"

"ಜಗಳಕ್ಕೆ ಅಂತ ಯಾರು ಹೇಳ್ಕೊಂಡು ಬರ್ತಾರೆ? ನಿನ್ನ ನಂಬರ್ ಕೊಟ್ಟು ಹೋಗು, ಅವ್ರಿಗೆ ತಿಳಿಸ್ತೀನಿ. ಬೇಕಾದ್ರೆ ಅವ್ರೇ ಫೋನ್ ಮಾಡ್ತಾರೆ."

ಮೈಯೆಲ್ಲ ಉರಿದುಹೋಯಿತು. ಅವಳ ಮದುವೆ ಸೀರೆ ಆರಿಸಿಕೊಟ್ಟವಳು ನಾನು, ನನಗೇ ರೂಲ್ಸ್! ಕಾರಿನದೂ ನನ್ನದೂ ನಂಬರ್ ಬರೆದಿಟ್ಟು, ಹೋಳಿಗೆ ಡಬ್ಬಿ ವಾಪಸ್ ತಂದೆ.

ಮೊನ್ನೆ ಭದ್ರಾವತಿಯಿಂದ ಫೋನ್ ಬಂತು. ಆ ಕಾರಿನವಳೇ! ನಮ್ಮೂರ ಗಾಂಧಿ ಬಜಾರ್‌ಗೆ ಬಂದಾಗ ಸಿಗುತ್ತೇನೆ ಎಂದಳು, ಸಿಕ್ಕಳು. ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಆಮೇಲೆ, "ಮನೆಗೇ ಬರಬೇಕು ಅಂತಿದ್ದೆ, ಅಡ್ರೆಸ್ಸೇ ಕೊಡ್ಲಿಲ್ಲ" ಎಂದು ಶೋಭಾಳ ಮೇಲೆ ಚಾಡಿಯನ್ನೂ ಹೇಳಿದೆ.

"ಕೊಡದೇ ಇದ್ದದ್ದೇ ಪುಣ್ಯ ಅಕ್ಕಾ. ಹೊಡೆಯೋ ಗಂಡನ್ನ ಬಿಟ್ಟು, ಮಗಳನ್ನ ಕರ್ಕೊಂಡು ಬಂದಿದೀನಿ. ಆರ್‌ಸಿಲಿ ಇರೋದು ಹೊಸ ಮನೆ ಅಡ್ರೆಸ್ಸು. ಅವ್ನು ಕಾರ್ ನಂಬರ್ ಹಿಡ್ಕೊಂಡು ಶೋರೂಮು, ಗ್ಯಾರೇಜು ಅಂತ ಎಲ್ಲಾ ಕಡೆ ಕೇಳ್ತಿದಾನೆ. ಏನಂತ ಗೊತ್ತಾ? 'ನಮ್ಮಮ್ಮನ್ನ ಆಸ್ಪತ್ರೆಗೆ ಸೇರಿಸಿದ್ರು, ಥ್ಯಾಂಕ್ಸ್ ಹೇಳ್ಬೇಕು' ಅಂತ!"

ಅಬ್ಬಾ, ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ಶೋಭಾ, ನಿನಗೆ ದೊಡ್ಡ ನಮಸ್ಕಾರ ಕಣೇ. ನನ್ನ ಯಜಮಾನರ ಜೀವ ಉಳಿಸಿದವಳನ್ನು ನೀನು ಕಾಪಾಡಿದೆ. ಆವತ್ತು ಬೈದುಕೊಂಡಿದ್ದಕ್ಕೆಲ್ಲ ಇವತ್ತು ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನುತ್ತಿದ್ದೇನೆ.

ಓದುಗರೇ, ಅವನೂ ನಾನೂ ಅದೇ ಮಾತು ಹೇಳಿಕೊಂಡು ನಿಮ್ಮ ಕೌಂಟರಿನ ಮುಂದೆ ನಿಂತರೆ, ಬರೀ ಮುಖ ನೋಡಿ ಯಾರಿಗೆ ಅಡ್ರೆಸ್ ಕೊಡುತ್ತೀರಿ?