ಎರಡು ಮನೆಗೆ ಒಂದೇ ಗೇಟು

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಇಲವಾಲದಲ್ಲಿ. ಈಗ ಅಜ್ಜಿಯಾಗಿದ್ದೀನಿ. ಇದನ್ನು ಬರೆಯುವಾಗಲೂ ಮೊಮ್ಮಗಳು ತೊಡೆ ಮೇಲೆ ಮಲಗಿದ್ದಾಳೆ. ಅಕ್ಷರ ಸೊಟ್ಟಗಾಗ್ತಿವೆ, ಆಗಲಿ ಬುಡಿ. ಇಂಥ ಮೂಗು, ಇಂಥ ಬೆರಳು ಇಡೀ ಮೈಸೂರಲ್ಲಿ ಇನ್ನೊಂದು ಮಗುವಿಗಿಲ್ಲ. ಸಂತೋಷ ಉಕ್ಕಿ ಉಕ್ಕಿ ಬರುತ್ತೆ. ಆದರೆ ಇವಳು ಮನೆಗೆ ಬಂದ ದಿನ ನೆನೆಸಿಕೊಂಡರೆ ಈಗಲೂ ಆ ಸಂತೋಷ ಅರ್ಧಕ್ಕೇ ನಿಲ್ಲುತ್ತೆ.

ನಾವಿರೋದು ಲಕ್ಷ್ಮೀಪುರಂನಲ್ಲಿ, ಮಹಡಿ ಮೇಲೆ, ಬಾಡಿಗೆಗೆ. ಕೆಳಗೆ ಮನೆ ಓನರು, ರಿಟೈರಾದ ಮೇಷ್ಟ್ರು, ಅವರ ಹೆಂಡತಿ. ಎರಡು ಮನೆಗೂ ಗೇಟು ಒಂದೇ. ಅವರ ಅಂಗಳ ದಾಟಿಯೇ ನಾವು ಮೆಟ್ಟಿಲು ಹತ್ತಬೇಕು. "ಇಲ್ಲಿರೋರೆಲ್ಲ ಕಲ್ಚರ್ಡ್ ಜನ ಕಣಮ್ಮ, ಮಗು ಬೆಳೆಯೋಕೆ ಇಂಥ ಜಾಗ ಬೇಕು" ಅಂತ ಹೇಳಿ ನನ್ನ ಮಗ ಈ ಮನೆ ಹಿಡಿದಿದ್ದ. ಅವನು ಎರಡು ಡಿಗ್ರಿ ಮಾಡಿದ್ದಾನೆ. ಅವನು ಹೇಳಿದ ಮೇಲೆ ಸರಿ ಅಂದುಕೊಂಡಿದ್ದೆ.

ಸೊಸೆ ಮಗು ಎತ್ತಿಕೊಂಡು ಆಸ್ಪತ್ರೆಯಿಂದ ಬರೋ ದಿನ. ಅರಿಶಿನ ಸುಣ್ಣ ಕಲೆಸಿ ಆರತಿ ನೀರು ಮಾಡ್ತಿದ್ದೆ. ಕೆಳಗೆ ಆಂಬುಲೆನ್ಸ್ ಬಂದು ನಿಂತಿತು. ಕಾಯಿಲೆಯಿಂದ ಬೇರೆ ಆಸ್ಪತ್ರೆ ಸೇರಿದ್ದ ಮೇಷ್ಟ್ರನ್ನ ತಂದಿದ್ದರು. ಬೆಳಗಿನ ಜಾವವೇ ಹೋಗಿಬಿಟ್ಟಿದ್ದರಂತೆ. ಅಂಗಳದಲ್ಲಿ, ನಮ್ಮ ಮೆಟ್ಟಿಲ ಬುಡದಲ್ಲೇ ಮಲಗಿಸಿ, ತಲೆ ಹತ್ತಿರ ದೀಪ ಹಚ್ಚಿದರು. ಆರತಿ ನೀರನ್ನು ಬಚ್ಚಲಿಗೆ ಚೆಲ್ಲಿ ಕೆಳಗಿಳಿದೆ.

ಅವರಿಗೆ ಒಬ್ಬಳೇ ಮಗಳು, ಹುಬ್ಬಳ್ಳಿಯಲ್ಲಿ. ಸುದ್ದಿ ತಿಳಿದ ಕೂಡಲೇ ಹೊರಟಿದ್ದಳು, ಇನ್ನೂ ದಾರಿಯಲ್ಲಿದ್ದಳು. ಮೇಷ್ಟ್ರ ತಮ್ಮ ಮಾತ್ರ ಬೆಳಿಗ್ಗೆಯಿಂದ ಅವಸರ ಮಾಡ್ತಾನೇ ಇದ್ದರು. ಮೇಷ್ಟ್ರ ಹೆಂಡತಿಯದು ಒಂದೇ ಮಾತು: "ಮಗಳು ಮುಖ ನೋಡ್ಲಿ. ಆಮೇಲೆ ಎತ್ತಿ."

ಮಧ್ಯಾಹ್ನ ಮಗನ ಕಾರು ಬೀದಿ ತುದೀಲಿ ನಿಂತಿತು. ಬಾಣಂತಿ, ಹಸುಗೂಸು ಹೆಣದ ಪಕ್ಕ ಹಾದು ಬರಬಾರದು ಅಂತ ನಮ್ಮ ಕಡೆ. ಅವನೊಬ್ಬನೇ ಇಳಿದು ಬಂದ. ಮೇಷ್ಟ್ರಿಗೆ ಕೈ ಕೂಡ ಮುಗಿಯದೆ ಆ ತಮ್ಮನ ಹತ್ತಿರ ಹೋದ.

"ಸಾರ್, ಎಷ್ಟೊತ್ತಿಗೆ ಎತ್ತುತ್ತೀರಾ?"

"ಅಣ್ಣನ ಮಗಳು ಬರಬೇಕಂತೆ ಕಣ್ರೀ."

"ಕಾರಲ್ಲಿ ಎಳೇ ಮಗು ಇದೆ ಸಾರ್. ಎಷ್ಟೊತ್ತು ಅಂತ ಕಾಯಿಸ್ಲಿ?"

ಆ ತಮ್ಮನಿಗೆ ಇಷ್ಟೇ ಬೇಕಿತ್ತು. "ನೋಡಿ ಅತ್ತಿಗೆ, ಪಾಪ, ಹಸುಗೂಸಿಗೆ ತೊಂದರೆ. ಮಗಳಿಗೆ ಫೋನಲ್ಲೇ ಮುಖ ತೋರಿಸೋಣ. ಎತ್ತಿಬಿಡೋಣ."

ಆಯಮ್ಮ ನನ್ನ ಕಡೆ ನೋಡಿದರು. ಬೈದಿದ್ದರೆ ಸಲೀಸಾಗಿತ್ತು. ಮಗುವಿನ ಹೆಸರೆತ್ತಿದ ಮೇಲೆ ಆಗಲ್ಲ ಅನ್ನೋಕೆ ಅವರಿಗೆ ಬಾಯಿ ಬರಲಿಲ್ಲ. "ನಿಮ್ಮಿಷ್ಟ" ಅಂದು ಗೋಡೆ ಕಡೆ ತಿರುಗಿಕೊಂಡರು. ಗಂಡಸರು ಬಿದಿರು ಕಟ್ಟೋಕೆ ಎದ್ದರು.

ನಾನು ಕಾರಿನ ಹತ್ತಿರ ಓಡಿದೆ.

"ಏನತ್ತೆ?" ಅಂದಳು ಸೊಸೆ. ಆದದ್ದನ್ನು ಹೇಳಿದೆ. ಮಗೂನ ನನ್ನ ಕೈಗೆ ಕೊಟ್ಟು, ತಲೆಗೆ ಸ್ಕಾರ್ಫು ಬಿಗಿದುಕೊಂಡು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಇಳಿದೇಬಿಟ್ಟಳು. ಗೇಟಿನ ಹತ್ತಿರ ಮಗ ಅಡ್ಡ ಬಂದ.

"ತಲೆ ಕೆಟ್ಟಿದೆಯಾ ನಿಂಗೆ? ಮಗುವಿಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ. ನಮ್ಮ ಮಗೂನ ನೆವ ಮಾಡ್ಕೊಂಡು ಆ ಅಕ್ಕನಿಗೆ ಅಪ್ಪನ ಮುಖ ತಪ್ಪಿಸ್ತೀರಲ್ಲ, ಇದೇನಾ ನಿಮ್ಮ ಕಲ್ಚರ್ರು? ದಾರಿ ಬಿಡಿ."

ಮಗು ನನ್ನ ಕೈಲಿತ್ತು. ಸೆರಗಲ್ಲಿ ಮುಚ್ಚಿಕೊಂಡು ಅವಳ ಹಿಂದೆ ನಡೆದೆ. ಕೆಳಗೆ ತಣ್ಣಗಾದ ಮೇಷ್ಟ್ರು, ನನ್ನ ಎದೆಗೆ ಈ ಪುಟ್ಟ ಬಿಸಿ. ಅಷ್ಟು ಜನರ ದುಃಖದ ನಡುವೆ ನನಗೆ ನಗು ಬರ್ತಿತ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ. ತುಟಿ ಕಚ್ಚಿ ಹಿಡಿದೆ. ಸೊಸೆ ನಿಂತು ಮೇಷ್ಟ್ರ ಕಾಲಿಗೆ ಕೈ ಮುಗಿದಳು. "ಮಗು ಒಳಗೆ ಬಂತು. ಇನ್ನು ನಮ್ಮಿಂದ ಅವಸರ ಇಲ್ಲ, ಕಾಯಿರಿ" ಅಂದಳು. ಬಿದಿರು ಹಿಡಿದವರು ಕೆಳಗಿಟ್ಟರು.

ಬಿಸಿಲು ಇಳಿಯೋ ಹೊತ್ತಿಗೆ ಮಗಳು ಬಂದಳು. ಕಿಟಕಿಯಿಂದ ನೋಡ್ತಿದ್ದೆ. ಅಪ್ಪನ ಮುಖ ಆಗಲೇ ಕಪ್ಪಿಟ್ಟಿತ್ತು. ಅವಳು ಅಳಲಿಲ್ಲ. ಕೆನ್ನೆ ಮೇಲೆ ಕೈಯಿಟ್ಟು ಕೂತಳು. ಸೂರ್ಯ ಮುಳುಗೋಕೆ ಮುಂಚೆ ಎತ್ತಬೇಕು ಅಂತ ಅವಳನ್ನ ಬೇಗ ಎಬ್ಬಿಸಿದರು. ಅಷ್ಟೇ ಸಿಕ್ಕಿದ್ದು ಅವಳಿಗೆ.

ನನ್ನ ಪಕ್ಕ ನಿಂತಿದ್ದ ಮಗ, "ಅಮ್ಮಾ, ನಾನೂ ಹೋಗ್ಲಾ?" ಅಂದ.

"ಕೇಳ್ತೀಯಲ್ಲೋ. ಹೋಗು."

ಇಳಿದು ಹೋದ. ಮೇಷ್ಟ್ರನ್ನ ಹೊತ್ತವರು ಆಗಲೇ ಗೇಟು ದಾಟಿದ್ದರು. ಯಾರೂ ಅವನಿಗೆ ಹೆಗಲು ಕೊಡು ಅನ್ನಲಿಲ್ಲ. ಬೀದಿ ತುದಿವರೆಗೆ ಹಿಂದೆ ಹಿಂದೆ ಹೋಗಿ, ತನ್ನ ಕಾರಿನ ಪಕ್ಕ ನಿಂತುಬಿಟ್ಟ.