ಎಡಸಾಲು, ಬಲಸಾಲು

ಹೋದ ವಾರ ಬೀರುವಿನ ಕೆಳಗಿನ ಖಾನೆ ಒರೆಸುವಾಗ ಹಳೆಯ ಸ್ಟೀಲಿನ ಕೌಂಟರ್ ಸಿಕ್ಕಿತು. ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಟಿಕ್ ಎಂದು ಒಂದಂಕಿ ಮುಂದೆ ಹೋಗುತ್ತದೆ. ಸೊನ್ನೆಯಲ್ಲಿತ್ತು. ಒಮ್ಮೆ ಒತ್ತಿದೆ. ಆ ಸದ್ದಿಗೆ ನಮ್ಮ ಮೇಡಂ ಬಂದು ಎದುರಿಗೆ ಕುಳಿತ ಹಾಗಾಯಿತು...

ಮದರಾಸಿನ ಅಡ್ಯಾರಿನ ಒಂದು ಸಂಶೋಧನಾಲಯದಲ್ಲಿ ಅವರು ವಿಜ್ಞಾನಿ, ನಾನು ಲ್ಯಾಬ್ ಅಸಿಸ್ಟೆಂಟ್. ಮನೆತನ ಮೈಸೂರಿನದಾದರೂ ಅವರು ಬೆಳೆದದ್ದು ಮದರಾಸಿನಲ್ಲೇ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುತ್ತಿದ್ದರು. ನಾನು ದಿನವೂ ಎಂಟೂವರೆಗೆ ಬೀಗ ತೆಗೆಯುತ್ತಿದ್ದೆ. ಅವರು ಹತ್ತಕ್ಕೋ ಹನ್ನೊಂದಕ್ಕೋ, ಏನೋ ಯೋಚಿಸುತ್ತ, ಒಮ್ಮೊಮ್ಮೆ ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು ಬರುತ್ತಿದ್ದರು.

ಹೆರಿಗೆ ಆಸ್ಪತ್ರೆಯಿಂದ, ತಾಯಂದಿರ ಒಪ್ಪಿಗೆ ಪಡೆದು, ಹೊಕ್ಕುಳಬಳ್ಳಿಯ ರಕ್ತ ನಮಗೆ ಬರುತ್ತಿತ್ತು. ಎಲ್ಲ ಬಗೆಯ ರಕ್ತಕಣಗಳಿಗೂ ಮೂಲವಾದ ಆಕರಕೋಶಗಳು ಅದರಲ್ಲಿರುತ್ತವೆ. ಇನ್ನು ಸೈಟೋಕೈನ್ ಎಂದರೆ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನು. ಜ್ವರ ಬಂದಾಗ ಮೈಯಲ್ಲಿ ಹೆಚ್ಚುವ ಒಂದು ಸೈಟೋಕೈನ್, ಸುಮ್ಮನೆ ಮಲಗಿರುವ ಆಕರಕೋಶವನ್ನು ಎಬ್ಬಿಸುತ್ತದೆಯೇ? ಇದು ಮೇಡಂ ಅವರ ಪ್ರಶ್ನೆ. ಆ ಕೋಶಗಳನ್ನು ಮುಚ್ಚಳವಿರುವ ಚಿಕ್ಕ ತಟ್ಟೆಗಳಲ್ಲಿ, ಅಂದರೆ ಡಿಶ್‌ಗಳಲ್ಲಿ, ಹರಡುತ್ತಿದ್ದೆವು. ಅರ್ಧ ಡಿಶ್‌ಗಳಿಗೆ ಆ ಸೈಟೋಕೈನ್ ಹಾಕಿ, ಉಳಿದರ್ಧಕ್ಕೆ ಹಾಕದೆ, ಹದಿನಾಲ್ಕು ದಿನ ಬೆಚ್ಚಗೆ ಇಡುತ್ತಿದ್ದೆವು. ಎದ್ದ ಕೋಶ ಅಷ್ಟರಲ್ಲಿ ಒಂದು ಗುಂಪಾಗಿರುತ್ತಿತ್ತು. ಗುಂಪಿನಲ್ಲಿ ಐವತ್ತು ಕಣವಿದ್ದರೆ ಎಣಿಕೆಗೆ ಸೇರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. ಮೇಡಂ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೌಂಟರ್ ಒತ್ತುತ್ತಿದ್ದರು. ಯಾವುದರಲ್ಲಿ ಸೈಟೋಕೈನ್ ಇದೆಯೆಂದು ಅವರಿಗೆ ತಿಳಿಯಬಾರದು. ಹಾಗಾಗಿ ಡಿಶ್‌ಗಳ ಮೇಲೆ ಗುಟ್ಟಿನ ಸಂಖ್ಯೆ ಬರೆಯುವುದು ನನ್ನ ಕೆಲಸವಾಗಿತ್ತು.

ಎರಡು ವರ್ಷ ಎಣಿಸಿದೆವು. ಸೈಟೋಕೈನ್ ಹಾಕಿದ ಡಿಶ್‌ಗಳಲ್ಲೇ ಗುಂಪುಗಳು ಹೆಚ್ಚು. ಅವರ ನಿವೃತ್ತಿಗೆ ಮೂರು ತಿಂಗಳಿತ್ತು. ಈ ಫಲಿತಾಂಶದ ಪ್ರಬಂಧ ಶುಕ್ರವಾರ ವಿಜ್ಞಾನ ಪತ್ರಿಕೆಗೆ ಹೊರಡಬೇಕಿತ್ತು. ನೋಟ್‌ಬುಕ್ಕನ್ನು ಶುದ್ಧಪ್ರತಿ ಮಾಡುತ್ತಿದ್ದಾಗ ಒಂದು ಪುಟದಲ್ಲಿ ನನ್ನ ಕೈ ನಿಂತಿತು. ಆ ಒಂದು ದಿನ ಮಾತ್ರ ವ್ಯತ್ಯಾಸವೇ ಇರಲಿಲ್ಲ. ರಕ್ತ ಸರಿಯಿರಲಿಲ್ಲವೆಂದು ಮೇಡಂ ಪಕ್ಕದಲ್ಲಿ ಬರೆದಿದ್ದರು. ತಾರೀಖು ನೋಡಿದೆ. ನನ್ನ ಮಗಳಿಗೆ ಕಿವಿ ಚುಚ್ಚಿಸಿದ ದಿನ... ಆ ವರ್ಷ ನಾನು ಹಾಕಿದ ಒಂದೇ ರಜೆ. ಟ್ರೇ ತಂದಿಟ್ಟವರು ಬೇರೆ ಯಾರೋ.

ಆಗ ಹೊಳೆಯಿತು. ನಾನು ಡಿಶ್‌ಗಳನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಜೋಡಿಸುತ್ತಿದ್ದೆ. ಸಂಖ್ಯೆಯನ್ನು ಗುಟ್ಟಾಗಿಟ್ಟು, ಜಾಗದಿಂದ ಎಲ್ಲವನ್ನೂ ಹೇಳಿಬಿಟ್ಟಿದ್ದೆ.

ಎರಡು ದಿನ ಬಾಯಿ ಬಿಡಲಿಲ್ಲ. ಗುರುವಾರ ಮಧ್ಯಾಹ್ನ, ಅವರ ಕಾಫಿ ಮುಗಿದ ಮೇಲೆ, ಹೇಳಿದೆ.

"ಯಾವ ಕಡೆ ಯಾವುದು ಇಡ್ತಿದ್ರಿ?"

"ಎಡಸಾಲು ಹಾಕದೇ ಇರೋದು, ಬಲಸಾಲು ಹಾಕಿದ್ದು, ಮೇಡಂ."

"ಯಾವಾಗಲೂನಾ?"

"ಯಾವಾಗಲೂ."

ಅವರು ಕೌಂಟರನ್ನು ಮೇಜಿನ ಮೇಲಿಟ್ಟು ನಕ್ಕರು. "ನಿಮ್ಮ ಶಿಸ್ತು ಒಂದಿನ ನನ್ನ ಮುಗಿಸತ್ತೆ ಅಂತ ಮನೇಲಿ ಹೇಳ್ತಾನೇ ಇದ್ದೆ." ಆಮೇಲೆ ನನಗಲ್ಲ ಎಂಬಂತೆ ಹೇಳಿದರು: "ಬಲಗಡೆ ನಲವತ್ತೆಂಟಿದ್ರೆ ಐವತ್ತು ಅಂದುಕೊಂಡಿದೀನಿ. ಎಡಗಡೆ ಐವತ್ತಿದ್ರೂ ಬಿಟ್ಟಿದೀನಿ. ಪಾರುಂಗೋ, ಕಣ್ಣಿಗೆ ಎಷ್ಟು ಆಸೆ ನೋಡ್ರಿ."

ಪ್ರಬಂಧ ಹೋಗಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದೆವು. ಈಗ ನನ್ನ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಚೀಟಿ ಹಾಕಿ, ಬಂದ ಕ್ರಮದಲ್ಲೇ ಡಿಶ್‌ ಜೋಡಿಸಬೇಕು. ಸಾಲು ಅಸ್ತವ್ಯಸ್ತವಾಗಿ ಕಂಡು ನನ್ನ ಕೈ ತುರಿಸುತ್ತಿತ್ತು. ವಾರ ವಾರವೂ ವ್ಯತ್ಯಾಸ ಕರಗುತ್ತ ಬಂತು. ಎರಡು ವರ್ಷದ ಕೆಲಸ ಕಣ್ಣೆದುರೇ ಕರಗುತ್ತಿದ್ದರೂ ಅವರು ಮೊದಲಿಗಿಂತ ಬೇಗ, ಒಂಬತ್ತಕ್ಕೇ ಬರತೊಡಗಿದ್ದರು. ಅದು ನನಗೆ ಇಂದಿಗೂ ಆಶ್ಚರ್ಯ.

ಕೊನೆಯ ಟ್ರೇಯ ಹದಿನಾಲ್ಕನೆಯ ದಿನ ಅವರ ನಿವೃತ್ತಿಯ ನಂತರದ ಸೋಮವಾರಕ್ಕೆ ಬಿತ್ತು. ಕೌಂಟರನ್ನು ನನ್ನ ಕೈಗಿಟ್ಟು, "ನೀವೇ ಎಣಿಸಿ, ಫೋನ್ ಮಾಡಿ" ಎಂದು ಹೇಳಿ ಹೋಗಿದ್ದರು. ಗುಟ್ಟಿನ ಸಂಖ್ಯೆ ಆ ಸಲ ಪಕ್ಕದ ಲ್ಯಾಬಿನವರು ಬರೆದಿದ್ದರು. ಎಣಿಸಿದೆ. ಮೇಜು ಒರೆಸಿ, ಊಟ ಮುಗಿಸಿ ಫೋನ್ ಮಾಡಿದೆ.

"ಎರಡೂ ಹೆಚ್ಚುಕಡಿಮೆ ಒಂದೇ, ಮೇಡಂ."

"ಅಪ್ಪಡಿಯಾ... ಹಾಗಾ..." ಆ ಕಡೆ ಕುಕ್ಕರ್ ಕೂಗಿ ನಿಂತಿತು. "ಅಲ್ಲಾ ರೀ, ಅದು ಎಬ್ಬಿಸೋದೇ ಇಲ್ಲ ಅಂತಿಟ್ಕೊಳ್ಳಿ. ಎದ್ದ ಕೋಶ ಯಾವ ಕಣ ಆಗಬೇಕು ಅಂತ ಹೇಳತ್ತೋ ಏನೋ. ಗುಂಪಲ್ಲಿ ಕೆಂಪಗಿರೋದು ಎಷ್ಟು, ಬೆಳ್ಳಗಿರೋದು ಎಷ್ಟು? ಡಿಶ್ ಇನ್ನೊಂದ್ಸಲ ನೋಡ್ತೀರಾ?"

ಅಷ್ಟು ದಿನವೂ ಗುಂಪುಗಳನ್ನು ಎಣಿಸಿದ್ದೆವೇ ಹೊರತು ಬಣ್ಣ ಬರೆದುಕೊಂಡಿರಲಿಲ್ಲ. ಇನ್ನು ಆ ಟ್ರೇ... ಎಣಿಸಿದ್ದನ್ನು ನಾಶಮಾಡುವ ನಿಯಮದಂತೆ ಹನ್ನೆರಡಕ್ಕೇ ಬ್ಲೀಚಿನಲ್ಲಿ ಮುಳುಗಿಸಿದ್ದೆ. ಹೇಳಿದೆ.

"ಪರವಾಗಿಲ್ಲ ಬಿಡಿ. ಯಾರಾದ್ರೂ ನೋಡ್ತಾರೆ." ದನಿಯಲ್ಲಿ ಬೇಸರವಿರಲಿಲ್ಲ. ಇದ್ದರೂ ನನಗೆ ಕೇಳಿಸದಂತೆ ನೋಡಿಕೊಂಡರೇನೋ...

ಮೇಡಂ ತೀರಿಹೋಗಿ ಎರಡು ವರ್ಷವಾಯಿತು. ಪತ್ರಿಕೆಯಲ್ಲಿ ಸೈಟೋಕೈನ್ ಎಂಬ ಪದ ಕಂಡರೆ ಈಗಲೂ ಕನ್ನಡಕ ಹುಡುಕುತ್ತೇನೆ. ಯಾರಾದರೂ ನೋಡಿರಬಹುದು. ನೋಡಿದ್ದರೂ, ಆ ಉತ್ತರವನ್ನು ಹೇಳಬೇಕಾದ ಫೋನಿನ ಆ ಕಡೆ ಯಾರೂ ಇಲ್ಲ.

ಎಣಿಸಿ ಮುಗಿದ ಕೌಂಟರನ್ನು ಸೊನ್ನೆಗೆ ತಿರುಗಿಸುವುದು, ಒರೆಸಿದ ವಸ್ತುವನ್ನು ಅದರ ಜಾಗದಲ್ಲಿಡುವುದು ನನ್ನ ಪದ್ಧತಿ. ಕೌಂಟರ್ ಮೇಜಿನ ಮೇಲೆಯೇ ಇದೆ. ಒಂದು ಎಂದು ತೋರಿಸುತ್ತಿದೆ. ಹಾಗೇ ಬಿಟ್ಟಿದ್ದೇನೆ.